ಶಿವಗಂಗಾಳ ಕೈ ಎಳೆದವರು

ಬೆಳಿಗ್ಗೆ ಮಗ್ಗಕ್ಕೆ ಕೂತ ತಾಯಣ್ಣ ಲಾಳಿಯನ್ನು ನಾಲ್ಕು ಸಲ ಓಡಿಸಿ ನಿಲ್ಲಿಸಿಬಿಟ್ಟ. ಸೀರೆಯ ಒಡಲಲ್ಲಿ ಮತ್ತೆ ಸಡಿಲ ಎಳೆಗಳ ಕುಣಿಕೆ! ಈ ವಾರ ಕೆಟ್ಟದ್ದು ಇದು ಮೂರನೆಯ ಸೀರೆ.

"ಯಾರ ಕೆಲಸ ಇದು?"

ನೂಲಿನ ಬುಟ್ಟಿಯಲ್ಲಿ ಮಲಗುವ ಬೆಕ್ಕಿನದೋ? ಹೊಟ್ಟೆಕಿಚ್ಚಿನ ಪಕ್ಕದ ಮನೆ ಚಂದ್ರಕಾಂತನದೋ? ತಾಯಣ್ಣನ ತಾಯಿ ಉರುಕುಂದಮ್ಮನಿಗೆ ವಿಚಾರಣೆಯೇ ಬೇಕಿರಲಿಲ್ಲ. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವವಳು ಒಂಬತ್ತು ವರ್ಷದ ಮೊಮ್ಮಗಳು ಶಿವಗಂಗಾ. ಅವಳ ಕೈ ಮೇಲೆ ಪಟ್ಟನೆ ಏಟು ಬಿತ್ತು.

"ನಾನಲ್ಲಬೇ ಅಜ್ಜಿ! ಯಾರೋ ಕೈ ಎಳಿತಾರ."

"ಯಾರು?"

"ಕಾಣಂಗಿಲ್ಲ."

"ಸುಳ್ಳಿ! ನಾ ಹೇಳಿದ ದೆವ್ವದ ಕತಿ ನನಗ ತಿರುಗಿಸಿ ಹೇಳ್ತೀಯೇನು?"

ಓಣಿಯ ಕೂಸುಗಳಿಗೆ ಲಸಿಕೆ ಹಾಕಲು ಬಂದಿದ್ದ ನರ್ಸಮ್ಮ ಸ್ರವಂತಿ ಗದ್ದಲ ಕೇಳಿ ಒಳಬಂದಳು. ಒಂದು ಕಂಡಿಕೆ ಎತ್ತಿಕೊಂಡು ನೂಲನ್ನು ಅಂಗಳದುದ್ದಕ್ಕೂ ಬಿಚ್ಚಿದಳು. ನಾಲ್ಕು ಮಾರಿಗೆ ಒಂದು ಸಿಕ್ಕು. ಮತ್ತೆ ನಾಲ್ಕು ಮಾರು — ಮತ್ತೊಂದು.

"ಬೆಕ್ಕು ಹಿಂಗ ಅಳತಿ ಹಿಡಿದು ಎಳಿತೈತೇನ್ರಿ ಅವ್ವ?"

"ಹುಡುಗಿನೇ ಬೇಕಂತ ಮಾಡ್ಯಾಳ."

"ಬೇಕಂತ ಮಾಡಿದ್ರೂ ಇಷ್ಟು ಅಳತಿ ಬರಂಗಿಲ್ಲ. ಸಾಲಿಯಾಗ ಹೆಂಗದಾಳ?"

"ಹೋದ ವರ್ಷ ಗಿಣಿ ಹಂಗ ಮಗ್ಗಿ ಹೇಳ್ತಿದ್ಲು. ಈಗ ಅಪ್ಪನ ಹೆಸರು ಕೇಳಿದ್ರ ಸುಮ್ನ ನಗ್ತಾಳ."

ಸ್ರವಂತಿ ಹುಡುಗಿಯ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಗಡಿಯಾರ ನೋಡಿದಳು. ಎಂಟು ಎಣಿಸುವಷ್ಟರಲ್ಲಿ ಕೈ ಜಗ್ಗಿತು. ಮತ್ತೆ ಎಂಟು — ಮತ್ತೆ ಜಗ್ಗಿತು. ಸ್ರವಂತಿ ಉರುಕುಂದಮ್ಮನತ್ತ ತಿರುಗಿದಳು.

"ಕೂಸಿದ್ದಾಗ ದಡಾರ ಎದ್ದಿತ್ತೇನ್ರಿ?"

"ದಡಾರ ಅನಬ್ಯಾಡ್ರಿ, ಅಮ್ಮ ಅನ್ರಿ. ಎಂಟು ತಿಂಗಳಿಗೆ ಬಂದಿದ್ಲು. ಬಾಗಲಿಗೆ ಬೇವು ಕಟ್ಟಿದ್ವಿ. ಊರ ಗಡಿ ತನಕ ಮೊಸರನ್ನ ಒಯ್ದು ಕಳಿಸಿ ಬಂದ್ವಿ. ಹೋದ್ಲು."

ಹದಿನೈದು ದಿನ ಕಳೆದು, ಸ್ರವಂತಿ ಬರೆದುಕೊಟ್ಟಿದ್ದ ಹೈದರಾಬಾದಿನ ದವಾಖಾನೆಯಿಂದ ತಾಯಣ್ಣ ಮಗಳನ್ನು ಹೊತ್ತುಕೊಂಡೇ ಬಂದ. ಅವಳಿಗೆ ನಡೆಯಲಾಗುತ್ತಿರಲಿಲ್ಲ. ಸ್ರವಂತಿ ಕಾಗದಗಳನ್ನೆಲ್ಲ ಓದಿದಳು.

"ಬೆಕ್ಕಲ್ಲ, ಚಂದ್ರಕಾಂತಣ್ಣ ಅಲ್ಲ, ಹುಡುಗಿನೂ ಅಲ್ಲ. ಕೂಸಿದ್ದಾಗಿನ ದಡಾರದ ವೈರಸ್‌ರಿ. ಮೈಮ್ಯಾಲಿನ ದದ್ದು ಆರಿದ್ವು, ಅದು ಹೋಗಲಿಲ್ಲ. ಎಂಟು ವರ್ಷ ಮಿದುಳಿನಾಗ ಅಡಗಿ ಕೂತು ಈಗ ಎದ್ದೈತಿ. ಯಾರೋ ಎಳಿತಾರ ಅಂತ ಹುಡುಗಿ ಅವತ್ತೇ ಹೇಳಿದ್ಲು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

"ಔಷಧ?" ತಾಯಣ್ಣ ಕೇಳಿದ.

"ಜಗ್ಗೋದು ಕಮ್ಮಿ ಮಾಡಾಕ ಗುಳಿಗಿ ಐತಿ. ಅದನ್ನ ಓಡಿಸಾಕ... ಇಲ್ಲರಿ."

ಉರುಕುಂದಮ್ಮ ಮೊಮ್ಮಗಳ ಪಕ್ಕ ಬಂದು ಕೂತಳು.

"ಅವಾಗ ಓಣ್ಯಾಗಿನ ಕುರುಮಮ್ಮನ ಮಗನಿಗೆ ಅಮ್ಮ ಬಂದಾಗ ಆ ಮನಿ ಪ್ರಸಾದ ತರಾಕ ಹೋಗಿದ್ದೆ. ಇದೇ ಕೂಸನ್ನ ಕಂಕುಳಾಗ ಇಟ್ಕೊಂಡು. ಅಲ್ಲಿಂದ ಹತ್ತಿತೇನ್ರಿ?"

"ನಿಮಗ ಗೊತ್ತಿರಲಿಲ್ಲ ಅವ್ವ," ಎಂದಳು ಸ್ರವಂತಿ. ಅಲ್ಲ ಎನ್ನಲಿಲ್ಲ.

ಅಂದು ಹೊಡೆದಿದ್ದ ಅದೇ ಪುಟ್ಟ ಕೈಯನ್ನು ಉರುಕುಂದಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಎಣಿಸತೊಡಗಿದಳು. ಆರು. ಏಳು. ಎಂಟಕ್ಕೆ ಎಳೆಯಿತು.

ಅವಳು ಬಿಡಲಿಲ್ಲ.