ಹತ್ತು ಗಿಟಾರುಗಳ ನಡುವಿನ ಜಾಗ

“ಇನ್ನೊಂದು ಸಲ,” ಎಂದ ಗಿಟಾರಿನವನು, ಸ್ಟುಡಿಯೋದ ಗಾಜಿನ ಆಚೆಯಿಂದ.

ಸೌಂಡ್ ಎಂಜಿನಿಯರ್ ಹೆಡ್‌ಫೋನನ್ನು ಕೊರಳಿಗೆ ಇಳಿಸಿದಳು. ಒಂದೇ ತುಣುಕನ್ನು ಅವನು ಅದಾಗಲೇ ಒಂಬತ್ತು ಸಲ ನುಡಿಸಿದ್ದ. ಪರಿಚಯವಾಗಿ ಮೂರು ಗಂಟೆಯೂ ಕಳೆದಿರಲಿಲ್ಲ. ಅಷ್ಟರಲ್ಲೇ ಅವಳಿಗೆ ಅವನ ಮುಖ ಕಂಡರಾಗದಂತಾಗಿತ್ತು.

“ಒಂದು ಸಲ ಸರಿಯಾಗಿ ನುಡಿಸೋಕೆ ಬರಲ್ವಾ ನಿಮಗೆ?”

“ಬರುತ್ತೆ ಮೇಡಮ್. ಆದ್ರೆ ಒಬ್ಬನೇ ನಿಂತ್ರೆ ಒಬ್ಬ ಮನುಷ್ಯ, ಅಷ್ಟೇ. ಹತ್ತು ಜನ ಒಟ್ಟಿಗೆ ನಿಂತ್ರೆ…”

“ಬಸ್ಸಿಗೆ ಕಾಯೋ ಸಾಲು. ನುಡಿಸಿ ಮೇಸ್ತ್ರಿಗಳೇ, ಗೋಡೆಗೆ ಇನ್ನೊಂದು ಕೈ ಗಾರೆ ಬಳೀರಿ.”

ಅವನು ನಕ್ಕ. ಅದು ಅವಳನ್ನು ಮತ್ತಷ್ಟು ರೇಗಿಸಿತು. ಆ ಸ್ಟುಡಿಯೋದಲ್ಲಿ ಅಂದಿನಿಂದ ಅವನಿಗೆ ಮೇಸ್ತ್ರಿ ಎಂಬುದೇ ಹೆಸರಾಯಿತು.

ಗಿಟಾರಿನ ಮೇಲೆ ಗಿಟಾರು ಪೇರಿಸಿ ಬೆಟ್ಟದೆತ್ತರಕ್ಕೆ ನಾದ ಎಬ್ಬಿಸುವ ಆ ಪದ್ಧತಿ ಒಂದು ಕಾಲದಲ್ಲಿ ಮೆರೆದು, ಆಮೇಲೆ ನಗೆಪಾಟಲಾಗಿ ಮೂಲೆ ಸೇರಿತ್ತು. ಈಗ ಮರಳಿ ಬಂದಿತ್ತು. ತಾವು ಸ್ವತಂತ್ರರು, ಯಾರ ಹಂಗೂ ಇಲ್ಲದವರು ಎಂದು ಹೇಳಿಕೊಳ್ಳುವ ವಾದಕರೆಲ್ಲ, ಗಿಟಾರಿನ ನಾದ ಬದಲಿಸಲು ಕಾಲಲ್ಲಿ ತುಳಿಯುವ ಪೆಡಲುಗಳನ್ನು ಒಬ್ಬರದನ್ನೊಬ್ಬರು ಕದ್ದು ನೋಡಿ, ಅವನ್ನೇ ಕೊಳ್ಳುತ್ತಿದ್ದರು. ತಲೆ ತಗ್ಗಿಸಿ ತಮ್ಮ ಪಾದಗಳನ್ನೇ ನೋಡುತ್ತ ನುಡಿಸುವುದನ್ನು ಜನ ವಿನಯವೆಂದು ಭಾವಿಸಿದ್ದರು. ಅದು ವಿನಯವಲ್ಲ, ಯಾವ ಪೆಡಲನ್ನು ತುಳಿಯಬೇಕೆಂಬ ಗೊಂದಲ ಎಂಬುದು ಅವಳ ಅಭಿಪ್ರಾಯ.

ಅವಳ ತಿರಸ್ಕಾರಕ್ಕೆ ಕಾರಣವಿತ್ತು. ಏಳು ವರ್ಷಗಳ ಹಿಂದೆ ಅವಳು ಹಾಡುತ್ತಿದ್ದಳು. ಅವಳ ಒಂದೇ ಒಂದು ಹಾಡು ಹೊರಬಂದಾಗ, ತಂಡದ ಗಿಟಾರಿನವರು ತಮ್ಮ ಆರ್ಭಟವನ್ನೆಲ್ಲ ಹಾಡುವ ದನಿ ನಿಲ್ಲಬೇಕಾದ ನಡುವಿಗೆ ಸುರಿದು ಅವಳ ದನಿಯನ್ನು ಹೂತುಹಾಕಿದ್ದರು. ಹೆತ್ತ ತಾಯಿಯೇ ಕೇಳಿ, “ಚೆನ್ನಾಗಿದೆ ಕಣೇ… ನೀನೆಲ್ಲಿ ಹಾಡಿದೀಯ?” ಎಂದಿದ್ದಳು.

ಅಂದು ಬಾಯಿ ಮುಚ್ಚಿದವಳು ಮತ್ತೆ ಹಾಡಲಿಲ್ಲ. ಸೋದರಮಾವನ ಈ ಸ್ಟುಡಿಯೋದಲ್ಲಿ ಬೇರೆಯವರ ದನಿಗಳನ್ನು ತಿದ್ದುತ್ತ ಕುಳಿತಳು.

ಹತ್ತನೆಯ ಪದರ ಮುಗಿಸಿ ಮೇಸ್ತ್ರಿ ಹೇಳಿದ: “ಐದು ಎಡಕಿವಿಗೆ, ಐದು ಬಲಕಿವಿಗೆ ಕೇಳೋ ಹಾಗೆ ಇಡಿ. ನಡುವೆ ಏನೂ ಬೇಡ.”

‘ಹೊರಗೆ ಇಷ್ಟು ಅಬ್ಬರ, ಒಳಗೆ ಟೊಳ್ಳು…’ ಎಂದುಕೊಂಡಳು.

ಮೂರು ದಿನ ಬಿಟ್ಟು ಅವನು ಕೇಳಲು ಬಂದಾಗ, ಹತ್ತೂ ಗಿಟಾರುಗಳು ನಡುವಿನಲ್ಲೇ ಒಂದರ ಮೇಲೊಂದು ಬಿದ್ದಿದ್ದವು. ಅವಳು ಬೇಕೆಂದೇ ಹಾಗೆ ಮಾಡಿದ್ದಳು. ತನಗಾದದ್ದು ಈ ಗಿಟಾರಿನವರಲ್ಲಿ ಒಬ್ಬನಿಗಾದರೂ ಆಗಲಿ ಎಂದು.

ಅವನು ಕೊನೆಯವರೆಗೂ ಕೇಳಿದ.

“ಇದರೊಳಗೆ ಯಾರೂ ಹಾಡೋಕಾಗಲ್ಲ,” ಎಂದ ಮೆಲ್ಲಗೆ.

“ಹಾಡೋರು ಯಾರಿದ್ದಾರೆ? ನಿಮ್ಮಂಥೋರಿಗೆ ಹಾಡೋರು ಬೇರೆ ಬೇಕಾ?”

“ನೀವಿದ್ದೀರಲ್ಲ. ಹಾಡ್ತೀರಾ ಅಂತ ಕೇಳೋಕೆ ಧೈರ್ಯ ಸಾಲಲಿಲ್ಲ.”

ಅವಳು ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದಳು.

“ಏಳು ವರ್ಷದ ಹಿಂದಿನ ನಿಮ್ಮ ಆ ಹಾಡನ್ನ ಒಂದೇ ಕಿವೀಲಿ ಕೇಳ್ತಿದ್ದೆ. ಬಲಗಡೆ ಗಿಟಾರ್ ಒಂಚೂರು ಕಡಿಮೆ. ಕಷ್ಟಪಟ್ರೆ ಅಲ್ಲಿ ನಿಮ್ಮ ದನಿ ಸಿಗುತ್ತೆ. ಈ ಸಲ ಆ ಜಾಗ ದೊಡ್ಡದು ಮಾಡೋಣ ಅಂತ… ಇರ್ಲಿ ಬಿಡಿ.”

ಹಾಡಿನ ಸಾಲುಗಳಿದ್ದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಗಿಟಾರನ್ನು ಹೆಗಲಿಗೇರಿಸಿ ಹೊರಟುಹೋದ.

ಬಾಗಿಲಲ್ಲಿ ನಿಂತಿದ್ದ ಸೋದರಮಾವ ಕೇಳಿದ: “ಏನಮ್ಮಾ, ಗಿರಾಕೀನ ಓಡಿಸಿಬಿಟ್ಯಾ?”

“ಓಡಿಸಲಿಲ್ಲ ಮಾವ… ಹೂತುಬಿಟ್ಟೆ.”

“ಹಾಗಾದ್ರೆ ಅಗೆದು ತೆಗಿ. ನನ್ನ ಮುಖ ಏನು ನೋಡ್ತೀಯ?”

ಐದನ್ನು ಎಡಕ್ಕೆ, ಐದನ್ನು ಬಲಕ್ಕೆ ಸರಿಸಿದಳು. ತಾನು ಗದ್ದಲವೆಂದು ಹಳಿದದ್ದು ಎರಡೂ ಬದಿಗೆ ಸರಿದು ನಿಂತಿತು. ಒಂದೊಂದು ಪದರವೂ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಬೇರೆ. ಆ ನಾದಕ್ಕೆ ಅಷ್ಟೊಂದು ಅಗಲ ಬಂದದ್ದು ಅದರಿಂದಲೇ. ಅವಳ ದನಿ ಏರಬಹುದಾದ ಎಡೆಯಲ್ಲೆಲ್ಲ ಅವನು ಬೆರಳನ್ನು ಹಿಂದೆಗೆದಿದ್ದ, ಹತ್ತು ಸಲವೂ. ಆ ಹತ್ತು ಸಲವೂ ಅವಳು ಗಾಜಿನ ಈಚೆ ಕುಳಿತು ಹಲ್ಲು ಕಡಿದಿದ್ದಳು. ಈಗ ಅವಳ ತಿರಸ್ಕಾರವೆಲ್ಲ ಅವಳ ಕಡೆಗೇ ತಿರುಗಿತು.

ಮರುದಿನ ಬೆಳಿಗ್ಗೆ ಫೋನು ಮಾಡಿದಳು. “ಬಂದು ಮೇಜಿನ ಮುಂದೆ ಕೂತ್ಕೋ. ನಾನು ಹಾಡೋಕೆ ಒಳಗೆ ಹೋಗ್ತೀನಿ.”

‘ನೀವು’ ಕಳಚಿಬಿದ್ದದ್ದನ್ನು ಅವನು ಗಮನಿಸಿದನೋ ಇಲ್ಲವೋ. ಅರ್ಧ ಗಂಟೆಯಲ್ಲಿ ಬಂದಿದ್ದ.

ಅವನ ಹಾಳೆಯ ಮೊದಲ ಸಾಲಿನಲ್ಲಿ ಅವಳ ದನಿ ಒಡೆಯಿತು. ಎರಡನೆಯ ಸಾಲಿನಲ್ಲಿ ಆ ತೆರವಿನಲ್ಲಿ ಕಾಲೂರಿತು. ಆಮೇಲೆ ಎರಡೂ ಬದಿಯ ಗಿಟಾರುಗಳು ಎಷ್ಟೇ ಎತ್ತರಕ್ಕೆ ಎದ್ದರೂ ಅದು ಮುಳುಗಲಿಲ್ಲ.

ಹಾಡು ಮುಗಿಸಿ ಅವಳು ಗಾಜಿನಾಚೆ ಕುಳಿತಿದ್ದ ಅವನತ್ತ ನೋಡಿದಳು.

“ಕೇಳಿಸ್ತಾ?”

“ಪ್ರತಿ ಅಕ್ಷರ…”

“ನಿಮ್ಮ ಈ ಗುಂಪು, ಈ ಆಡಂಬರ… ನನಗೆ ಈಗ್ಲೂ ಇಷ್ಟವಿಲ್ಲ.”

“ನಾನು?”

“ಕೆಂಪು ದೀಪ ಆರಿಸು. ರೆಕಾರ್ಡ್ ಆದದ್ದನ್ನೆಲ್ಲ ನಮ್ಮ ಮಾವ ಕೇಳ್ತಾನೆ.”

ದೀಪ ಆರಿತು.

“ಇಷ್ಟ,” ಎಂದಳು.

“ಸ್ವಲ್ಪ ಜೋರಾಗಿ…”

“ಕಿವಿ ಇದ್ರೆ ಕೇಳಿಸ್ಕೋ. ಇಲ್ದಿದ್ರೆ ಬಾಗಿಲು ತೆಗೆದು ಹತ್ತಿರ ಬಾ.”

ಅವನು ಬಾಗಿಲು ತೆಗೆದ.