ಎರಡು ಸಲ ಬೆಲೆ ಕಟ್ಟಿದ ಪಿಸ್ತೂಲು

2015ರ ಫೆಬ್ರವರಿ 9, ಸೋಮವಾರ, ಬೆಳಿಗ್ಗೆ 10.20. ದಂತವೈದ್ಯ ಫಾವುಸ್ತೊ ಬೊನ್ಸಿನ್ಯೋರಿ ಗಾರ್ದೊನೆ ಠಾಣೆಗೆ ಬಂದು, ಹತ್ತಿಬಟ್ಟೆಯಲ್ಲಿ ಸುತ್ತಿದ ಪಿಸ್ತೂಲೊಂದನ್ನು ಮೇಜಿನ ಮೇಲಿಟ್ಟು, ತಾನು ಮೋಸ ಹೋಗಿರುವುದಾಗಿ ಹೇಳಿದ. ಅವನ ದನಿಯಲ್ಲಿ ದುಃಖಕ್ಕಿಂತ ಅಚ್ಚರಿಯೇ ಹೆಚ್ಚಾಗಿತ್ತು. ಮೋಸ ಹೋಗುವುದು ಬಡವರ ಕೆಲಸವೆಂದು ಆತ ಇಷ್ಟು ದಿನ ನಂಬಿಕೊಂಡಿದ್ದ.

ಠಾಣಾಧಿಕಾರಿ ಕೋಸಿಮೊ ಲಾತೆರ್ಜಾ ತೆಂಕಣದವನು, ಬಂದೂಕು ತಯಾರಿಕೆಗೆ ಹೆಸರಾದ ಈ ಕಣಿವೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಬಂದೂಕು ಮಾಡುವವರ ಮೇಲೆ ಅವನಿಗೆ ಯಾವ ತಕರಾರೂ ಇರಲಿಲ್ಲ. ಬಂದೂಕು ಕೂಡಿಡುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಇವರು ಬೇಟೆಗೆ ಹೋಗುವವರಲ್ಲ, ಗುರಿ ಇಡುವವರೂ ಅಲ್ಲ. ಬಿಳಿ ಕೈಗವಸು ತೊಟ್ಟು ತುಕ್ಕನ್ನು ಮುದ್ದಿಸುವವರು.

"ಎಷ್ಟು ಕೊಟ್ರಿ?"

"ಮೂವತ್ತೆಂಟು ಸಾವಿರ ಯೂರೋ."

"ಯಾರಿಗೆ?"

"ಕವಲಿಯೆರೆ ರೆಸಿನೆಲ್ಲಿಯವರಿಗೆ. ಸರ್ಟಿಫಿಕೇಟೂ ಅವರೇ ಬರೆದುಕೊಟ್ರು."

"ಮಾರಿದೋನೂ ಅವನೇ, ಬೆಲೆ ಕಟ್ಟಿದೋನೂ ಅವನೇ. ನಿಮಗೇನೂ ಅನ್ನಿಸ್ಲಿಲ್ವಾ?"

"ಕೋರ್ಟಿನ ಪಟ್ಟಿಯಲ್ಲಿರೋ ತಜ್ಞರು ಅವರು!"

"ಹಲ್ಲು ಕೀಳಿಸಿಕೊಂಡೋನು ತನ್ನ ಹಲ್ಲು ತಾನೇ ನೋಡಿಕೊಳ್ತಾನೆ ಡಾಕ್ಟ್ರೇ. ನೀವು ಅಷ್ಟೂ ಮಾಡ್ಲಿಲ್ಲ."

ಕಾನ್‌ಸ್ಟೇಬಲ್ ದಿಯೇಗೊ ಮುತ್ತಿ ನಗು ನುಂಗಿಕೊಂಡು ಹೇಳಿಕೆ ಬರೆದುಕೊಂಡ. ಅದು 1851ರ ಅಮೆರಿಕನ್ ಮಾದರಿಯ ಆರು ಗುಂಡಿನ ಪಿಸ್ತೂಲು. ಹೋದ ಅಕ್ಟೋಬರ್‌ನಲ್ಲಿ ಅಸಲಿ ಎಂದು ಖರೀದಿಯಾಗಿ, ನವೆಂಬರ್‌ನಿಂದ ಬ್ರೆಶಾದ ಸಂಗ್ರಾಹಕರ ಪ್ರದರ್ಶನದಲ್ಲಿ ಗಾಜಿನೊಳಗಿತ್ತು. ಹೋದ ವಾರ ಜೆನೋವಾದ ಹರಾಜು ತಜ್ಞೆ ಇವಾನಾ ಕ್ವೇರೊಲೊ ಅದನ್ನು ಬಿಚ್ಚಿ ನೋಡಿ, ಇದು ಈಚಿನ ನಕಲು ಎಂದಿದ್ದಳು. 11.05ಕ್ಕೆ ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮಾಡಿ ಪಿಸ್ತೂಲನ್ನು ವಶಕ್ಕೆ ತೆಗೆದುಕೊಂಡರು.

ಡಾಕ್ಟರು ಹೋದ ಮೇಲೆ ಲಾತೆರ್ಜಾ ಜೆನೋವಾಕ್ಕೆ ಫೋನ್ ಮಾಡಿದ.

"ನಕಲು ಅಂತ ಹೇಗೆ ಗೊತ್ತಾಯ್ತು ಮೇಡಂ?"

"ಒಳಗಡೆ ನೋಡಿ. ಗುಂಡು ಹೊಡೆಯೋ ಕುದುರೆ ಕೂರೋ ಸಂದಿಯಲ್ಲಿ ಯಾರ ಕಣ್ಣೂ ಬೀಳಲ್ಲ. ಅಲ್ಲೂ ಕನ್ನಡಿ ಥರ ಉಜ್ಜಿದ್ದಾನೆ. ಆ ಕಾಲದ ಕಾರ್ಖಾನೆಯಲ್ಲಿ ದಿನಕ್ಕೆ ನೂರಾರು ಪಿಸ್ತೂಲು ಹೊರಗೆ ಬೀಳ್ತಿದ್ವು, ಇದಕ್ಕೆಲ್ಲ ಯಾರಿಗಿತ್ತು ಪುರುಸೊತ್ತು? ಇದು ಅಸಲಿಗಿಂತ ಚೆನ್ನಾಗಿದೆ. ಅದಕ್ಕೇ ನಕಲು."

ಮುತ್ತಿ ಕಣಿವೆಯಲ್ಲೇ ಹುಟ್ಟಿದವನು, ಅವನಪ್ಪ ಬಂದೂಕಿನ ಭಾಗ ಜೋಡಿಸುವ ಫಿಟ್ಟರ್ ಆಗಿದ್ದ. ಭೂತಗನ್ನಡಿಯಲ್ಲಿ ಆ ಸಂದಿಯನ್ನು ನೋಡಿ ಅವನು ಪಿಸ್ತೂಲನ್ನು ಬುಡಮೇಲಾಗಿ ತಿರುಗಿಸಿದ.

"ನಮ್ಮೋರದ್ದೇ ಸರ್. ಹಳೇ ಕೈ. ಬ್ಯಾರಲ್ ಕೆಳಗೆ ಚೌಕದೊಳಗೆ ಎರಡು ಅಕ್ಷರದ ವರ್ಷದ ಮುದ್ರೆ ಇರಬೇಕಿತ್ತು. ಅದನ್ನೂ ಸಂಖ್ಯೆಯನ್ನೂ ಅರದಲ್ಲಿ ತೆಗೆದಿದ್ದಾರೆ."

"ಅಂದ್ರೆ?"

"ಮುದ್ರೆ ಅಳಿಸಿದ ಆಯುಧ. ಅಳಿಸಿದೋನಿಗೆ ಜೈಲು, ಪಿಸ್ತೂಲು ಕುಲುಮೆಗೆ."

ಅಂದೇ ಮಧ್ಯಾಹ್ನ 3 ಗಂಟೆಗೆ ಕವಲಿಯೆರೆ ಆಲ್ದೊ ರೆಸಿನೆಲ್ಲಿಯನ್ನು ವಿಚಾರಣೆಗೆ ಕರೆಸಲಾಯಿತು. ಕವಲಿಯೆರೆ ಎಂಬುದು ಸರ್ಕಾರ ಕೊಟ್ಟ ಬಿರುದು. ಅದಿಲ್ಲದೆ ಕರೆದರೆ ಆತ ಓಗೊಡುತ್ತಿರಲಿಲ್ಲ. ಕಾಫಿ ಬೇಡವೆಂದ, ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತ.

"ಯಾರಿಂದ ಕೊಂಡಿರಿ?"

"ಯಾರೋ ಒಬ್ಬ ಮುದುಕ. ಸೆಪ್ಟೆಂಬರ್‌ನಲ್ಲಿ ಬಂದಿದ್ದ. ಅಮೆರಿಕಾಕ್ಕೆ ಹೋಗಿದ್ದ ಮುತ್ತಜ್ಜ ತಂದಿದ್ದು ಅಂದ."

"ಹೆಸರು?"

"ಕೇಳಲಿಲ್ಲ."

"ಎಷ್ಟು ಕೊಟ್ರಿ?"

ಕವಲಿಯೆರೆ ಗೋಡೆ ನೋಡಿದ.

"ಆರು ನೂರು."

"ಮೂವತ್ತೆಂಟು ಸಾವಿರದ ಮಾಲು ಅಂತ ನೀವೇ ನಂಬಿದ್ರಿ. ಮುದುಕನಿಗೆ ಆರು ನೂರು ಎಣಿಸಿದ್ರಿ. ಭಲೇ!"

"ವ್ಯಾಪಾರದಲ್ಲಿ ತಿಳಿವಳಿಕೆಗೂ ಬೆಲೆ ಇರುತ್ತೆ ಸಾಹೇಬರೆ."

"ಇದ್ದಿದ್ರೆ ನೀವು ಇಲ್ಲಿ ಕೂತಿರ್ತಿರಲಿಲ್ಲ."

ಸರ್ಟಿಫಿಕೇಟನ್ನು ಲಾತೆರ್ಜಾ ಗಟ್ಟಿಯಾಗಿ ಓದಿದ: "ಇಂಥ ಕೈ ಈಗ ಭೂಮಿಯ ಮೇಲಿಲ್ಲ. ಇದನ್ನು ಜೋಡಿಸಿದ ಅಜ್ಞಾತ ಕುಶಲಕರ್ಮಿಯ ಮುಂದೆ ನಮ್ಮ ಕಾಲದ ಫಿಟ್ಟರುಗಳು ಬರೀ ಕಮ್ಮಾರರು." ಬಾಗಿಲ ಬಳಿ ನಿಂತಿದ್ದ ಮುತ್ತಿಯ ಮುಖ ಕೆಂಪಾಯಿತು.

ಮುದುಕನನ್ನು ಹುಡುಕಲು ದಾರಿ ಒಂದೇ ಇತ್ತು. ಕಣಿವೆಯ ಕಾರ್ಖಾನೆಗಳು ಕಾನೂನುಬದ್ಧವಾಗಿಯೇ ಮಾಡುವ ಆರು ಗುಂಡಿನ ನಕಲು ಯಾರ ಮನೆಯಲ್ಲಿದ್ದರೂ ಅದರ ಸಂಖ್ಯೆ ಠಾಣೆಯಲ್ಲಿ ದಾಖಲಾಗಿರಬೇಕು. ಈ ಮಾದರಿಯವು ಇಪ್ಪತ್ಮೂರು ಇದ್ದವು. ಹಾಗಾದರೆ ಯಾರದೋ ಮನೆಯ ಕಪಾಟು ಖಾಲಿಯಿರಲೇಬೇಕು. ಫೆಬ್ರವರಿ 10ರಿಂದ 12ರವರೆಗೆ ಇಬ್ಬರೂ ಮನೆಮನೆ ಸುತ್ತಿದರು. ಇಪ್ಪತ್ತೆರಡು ಸಿಕ್ಕವು. ಅವನ್ನು ತೋರಿಸಿದ ಸಂಗ್ರಾಹಕರಲ್ಲಿ ಅರ್ಧಕ್ಕರ್ಧ ಜನ, ತಮ್ಮದಕ್ಕೆ ಈಗ ಎಷ್ಟು ಬರಬಹುದು ಎಂದು ಪೊಲೀಸರನ್ನೇ ಕೇಳಿದರು. ಸ್ಕ್ರ್ಯಾಪ್ ಅಂಗಡಿಯಲ್ಲಿ ಕೇಳಿ ಎಂದು ಲಾತೆರ್ಜಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟ.

ಇಪ್ಪತ್ಮೂರನೆಯದು ಇನ್‌ಜೀನೊ ಬೀದಿಯ ಬತ್ತಿಸ್ತಾ ಪಿಂತೊಸ್ಸಿಯ ಹೆಸರಿನಲ್ಲಿತ್ತು. ವಯಸ್ಸು ಎಪ್ಪತ್ತೊಂದು. ನಕಲು ಪಿಸ್ತೂಲುಗಳ ಕಾರ್ಖಾನೆಯಲ್ಲಿ ನಲವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು. 12ರಂದು ಬೆಳಿಗ್ಗೆ 11.30ಕ್ಕೆ ಹೋದಾಗ ಆತ ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ತಿರುವುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಪಿಸ್ತೂಲೆಲ್ಲಿ ಅಜ್ಜಾ?"

"ಕಳೆದುಹೋಯ್ತು."

"ದೂರು ಕೊಡ್ಲಿಲ್ಲ?"

"ಮರೆತೆ."

ಮನೆ ಶೋಧಿಸಿದರು. ಮೇಜಿನ ಡ್ರಾಯರ್‌ನಲ್ಲಿ ಆರು ನೂರು ಯೂರೋ ಇದ್ದ ಲಕೋಟೆ ಸಿಕ್ಕಿತು, ಒಂದು ನೋಟೂ ಮುರಿದಿರಲಿಲ್ಲ. ಅದರಡಿಯಲ್ಲಿ ಬ್ರೆಶಾದ ಪ್ರದರ್ಶನದ ಹದಿನಾಲ್ಕು ಟಿಕೆಟ್‌ಗಳಿದ್ದವು. ಎಲ್ಲವೂ ಭಾನುವಾರದವು.

"ಹದಿನಾಲ್ಕು ಸಲ ಹೋಗಿದ್ದೀರಾ?"

"ಪ್ರದರ್ಶನ ನೋಡೋದು ತಪ್ಪಾ?"

ಲಾತೆರ್ಜಾ ಕುರ್ಚಿ ಎಳೆದುಕೊಂಡು ಎದುರು ಕೂತ. ಈ ಕೇಸಿನಲ್ಲಿ ಅವನು ದನಿ ತಗ್ಗಿಸಿ ಮಾತಾಡಿದ್ದು ಇದೇ ಮೊದಲು.

"ನೋಡಿ ಅಜ್ಜಾ, ಸಂಖ್ಯೆಯೂ ಇಲ್ಲ, ಮುದ್ರೆಯೂ ಇಲ್ಲ. ಅದು ನಿಮ್ಮದೇ ಅಂತ ಹೇಳೋಕೆ ನನ್ನ ಹತ್ರ ಸಾಕ್ಷಿ ಇಲ್ಲ. ಕಳೆದುಹೋಯ್ತು ಅಂತ ಬರೆದುಕೊಟ್ರೆ ದಂಡ ಅಷ್ಟೇ. ನಾಳೆ ಗುರುತು ಪರೇಡ್ ಇದೆ. ಕವಲಿಯೆರೆ ನಿಮ್ಮನ್ನ ಗುರುತಿಸಿದ್ರೆ ಜೈಲು, ಇಲ್ಲದಿದ್ರೆ ಮನೆ. ತಿಳೀತಾ?"

"ತಿಳೀತು. ಗುರುತಿಸ್ತಾರೆ. ಎರಡು ಸಲ ಎದುರಿಗೆ ಕೂತಿದ್ದೀನಲ್ಲ."

"ಈ ಮಾತು ನಾನು ಕೇಳಿಸಿಕೊಳ್ಳಲಿಲ್ಲ," ಎಂದು ಲಾತೆರ್ಜಾ ಎದ್ದುಬಿಟ್ಟ.

ಫೆಬ್ರವರಿ 13, ಶುಕ್ರವಾರ, ಸಂಜೆ 5 ಗಂಟೆ. ಠಾಣೆಯ ಹಿಂದಿನ ಕೋಣೆಯಲ್ಲಿ ಐದು ಜನ ಮುದುಕರು ಸಾಲಾಗಿ ನಿಂತರು. ಪಿಂತೊಸ್ಸಿ ಎಡದಿಂದ ಎರಡನೆಯವನು. ಅಂಗಿಯ ಗುಂಡಿಗಳನ್ನು ಕುತ್ತಿಗೆವರೆಗೂ ಹಾಕಿಕೊಂಡು ಬಂದಿದ್ದ. ಕವಲಿಯೆರೆ ವಕೀಲನೊಂದಿಗೆ ಒಳಬಂದು, ತರಕಾರಿ ಸಂತೆಯಲ್ಲಿ ನಡೆಯುವವನ ಹಾಗೆ ಸಾಲಿನ ಮುಂದೆ ಒಮ್ಮೆ ನಡೆದ. ಪಿಂತೊಸ್ಸಿ ಅವನ ಕಣ್ಣನ್ನೇ ನೋಡುತ್ತಿದ್ದ. ಕವಲಿಯೆರೆಯ ಕಣ್ಣು ಅವನ ಮೇಲೆ ನಿಲ್ಲದೆ ಮುಂದೆ ಹೋಯಿತು.

"ಇವನು," ಎಂದು ಕವಲಿಯೆರೆ ನಾಲ್ಕನೆಯವನನ್ನು ತೋರಿಸಿದ. "ಅನುಮಾನವೇ ಇಲ್ಲ."

ನಾಲ್ಕನೆಯವನು ಎದುರು ಬೀದಿಯಲ್ಲಿ ಬೇಕರಿ ನಡೆಸುತ್ತಿದ್ದವನು, ಸಾಲು ತುಂಬಿಸಲು ಮುತ್ತಿ ಕರೆತಂದಿದ್ದ. ಆತ ಹೋ ಎಂದು ನಕ್ಕ. ಲಾತೆರ್ಜಾ ಕಡತ ಮುಚ್ಚಿದ. ಮುಗಿಯಿತು, ಎಲ್ಲರೂ ಮನೆಗೆ ಹೋಗಬಹುದು ಎಂದ. ಹಾಗೆನ್ನುವಾಗ ಪಿಂತೊಸ್ಸಿಯ ಕಡೆ ನೋಡಿ, ಬಾಗಿಲ ಕಡೆ ಕಣ್ಣು ಹಾಯಿಸಿದ. ಸರಳ ಸನ್ನೆ, ಸಣ್ಣ ಮಗುವಿಗೂ ಅರ್ಥವಾಗುವಂಥದ್ದು.

ಪಿಂತೊಸ್ಸಿ ಕದಲಲಿಲ್ಲ.

"ಅವನು ಬ್ರೆಡ್ ಸುಡೋನು ಕವಲಿಯೆರೆ. ಪಿಸ್ತೂಲು ತಂದೋನು ನಾನು. ಎರಡು ಸಲವೂ ನಾನೇ."

"ಅಜ್ಜಾ, ಸುಮ್ನಿರಿ," ಎಂದ ಮುತ್ತಿ.

"ಹೋದ ಮಾರ್ಚಲ್ಲಿ ತಂದಿದ್ದೆ. ಫಿಟ್ಟರುಗಳ ಸಂಘದ ಕಪಾಟಲ್ಲಿ ಇಡಬೇಕು ಅಂತ ಆಸೆಯಿತ್ತು. ವಿಮೆಗೆ ಬೆಲೆಪತ್ರ ಬೇಕು ಅಂದ್ರು. ಎರಡು ವರ್ಷ ಮನೇಲಿ ಕೂತು ಒಂದೊಂದೇ ಭಾಗ ಅರ ಹಾಕಿ ಕೂರಿಸಿದ್ದೆ. ನೀವು ತಿರುಗಿಸಿ ಮುದ್ರೆ ನೋಡಿದ್ರಿ. ಕಣಿವೆ ನಕಲು, ನೂರೈವತ್ತು, ಡಬ್ಬಿ ಇದ್ರೆ ನೂರರವತ್ತು ಅಂದ್ರಿ. ಅಂಗಡೀಲಿದ್ದ ಎಲ್ಲರೂ ನಕ್ರು. ಕುದುರೆ ಒಂದ್ಸಲ ಎಳೆದೂ ನೋಡ್ಲಿಲ್ಲ ನೀವು. ಮುದ್ರೆ ಅರದಲ್ಲಿ ತೆಗೆದು ಸೆಪ್ಟೆಂಬರಲ್ಲಿ ಅದನ್ನೇ ಮತ್ತೆ ತಂದೆ."

ಕವಲಿಯೆರೆ ವಕೀಲನ ಕಡೆ ತಿರುಗಿದ. "ನಕಲು ನಕಲೇ. ಇವತ್ತೂ ಅದನ್ನೇ ಹೇಳ್ತೀನಿ."

"ಇವತ್ತೂ ನನ್ನ ಮುಖ ನೋಡದೇ ಹೇಳ್ತಿದ್ದೀರಿ."

ಲಾತೆರ್ಜಾ ಕವಲಿಯೆರೆಯ ಮೇಲೂ ವಂಚನೆಯ ಕೇಸು ಹಾಕಿದ. ತಜ್ಞರ ಪಟ್ಟಿಯಿಂದ ಅವನ ಹೆಸರು ತೆಗೆಯಲು ಕೋರ್ಟಿಗೆ ಬರೆದ. ಆದರೆ ವಕೀಲನಿದ್ದವನು ಆ ಸಂಜೆ ಮನೆಗೆ ಹೋದ. ವಕೀಲನಿಲ್ಲದವನನ್ನು 5.40ಕ್ಕೆ ಬಂಧಿಸಬೇಕಾಯಿತು. ಇಡೀ ಕೇಸಿನಲ್ಲಿ ಮರ್ಯಾದಸ್ಥ ಎನ್ನಬಹುದಾದವನು ಇವನೊಬ್ಬನೇ. ಕಾನೂನಿನ ಕೈಗೆ ಸಿಕ್ಕವನೂ ಇವನೇ. ಲಾತೆರ್ಜಾಗೆ ತನ್ನ ಸಮವಸ್ತ್ರದ ಮೇಲೇ ಅಸಹ್ಯ ಬಂತು.

ಹೇಳಿಕೆ ಬರೆದುಕೊಳ್ಳುವಾಗ ಮುತ್ತಿ ತಡೆಯಲಾರದೆ ಕೇಳಿದ. "ಆ ಒಳಗಿನ ಸಂದೀನ ಒರಟಾಗಿ ಬಿಟ್ಟಿದ್ರೆ ಜೆನೋವಾದೋರಿಗೂ ಗೊತ್ತಾಗ್ತಿರಲಿಲ್ಲವಲ್ಲ ಅಜ್ಜಾ?"

"ನಂಗೂ ಗೊತ್ತಿತ್ತಪ್ಪ. ಕೆಡಿಸೋಣ ಅಂತ ಅರ ಹಿಡ್ಕೊಂಡು ಮೂರು ದಿನ ಕೂತೆ. ಕೈ ಒಪ್ಪಲಿಲ್ಲ."

"ಹದಿನಾಲ್ಕು ಭಾನುವಾರ ಯಾಕೆ ಹೋದ್ರಿ?" ಎಂದು ಲಾತೆರ್ಜಾ ಕೇಳಿದ.

"ಪಕ್ಕದಲ್ಲಿ ಸರ್ಟಿಫಿಕೇಟು ನೇತು ಹಾಕಿದ್ರಲ್ಲ. ಓದೋಕೆ. ಜನ ಬಂದು ಬಗ್ಗಿ ಪಿಸ್ತೂಲು ನೋಡೋರು. ಅವರು ನೋಡೋದನ್ನ ನಾನು ನೋಡ್ತಿದ್ದೆ."

ವರದಿಯ 'ಉದ್ದೇಶ' ಎಂಬ ಕಲಂನಲ್ಲಿ ಲಾತೆರ್ಜಾ 'ಹಣವಲ್ಲ' ಎಂದಷ್ಟೇ ಬರೆಸಿದ.

6.30ಕ್ಕೆ ಜೀಪು ಬ್ರೆಶಾ ಜೈಲಿನ ಕಡೆ ಹೊರಟಿತು. ಸರೆಜ್ಜೊ ಊರು ದಾಟಿತು. ಆಮೇಲೆ ಪಿಂತೊಸ್ಸಿ, ಪಿಸ್ತೂಲನ್ನು ಏನು ಮಾಡುತ್ತೀರಿ ಎಂದು ಕೇಳಿದ. ಸುಳ್ಳು ಹೇಳಲು ಲಾತೆರ್ಜಾಗೆ ಮನಸ್ಸು ಬರಲಿಲ್ಲ.

"ಕೇಸು ಮುಗಿದ ಮೇಲೆ ಕುಲುಮೆಗೆ ಹಾಕ್ತಾರೆ ಅಜ್ಜಾ. ಬೇರೆ ದಾರಿ ಇಲ್ಲ."

ಮುದುಕ ಕಿಟಕಿಯಾಚೆ ನೋಡುತ್ತಾ ತಲೆಯಾಡಿಸಿದ.

"ಬ್ಯಾರಲ್ ಉಕ್ಕು ಒಳ್ಳೇದು, ನಾನೇ ಆರಿಸಿ ತಂದಿದ್ದು. ಉಳಿದ ತಗಡಿನ ಜೊತೆ ಬೆರೆಸಬೇಡಿ ಅಂತ ಅವರಿಗೆ ಹೇಳಿ ಸಾಹೇಬ್ರೆ."

ಹೇಳ್ತೀನಿ ಎಂದ ಲಾತೆರ್ಜಾ.