ಅಮ್ಮನ ಹೂಂ

“ನಿಮ್ಮಮ್ಮ ಎಲ್ಲಿ?”

ಫೋನನ್ನು ಕಿವಿಯಿಂದ ತೆಗೆದು ಅಪ್ಪ ಕೇಳಿದಾಗ ಮಗಳು ಬೆಚ್ಚಿದಳು. ಅಮ್ಮ ಹೋಗಿ ವರ್ಷವಾಗಿತ್ತು.

“ಅರಳುಮರಳಲ್ಲ ಕಣೇ,” ಎಂದ ಅಪ್ಪ. “ಕಥೆ ಇದೆ, ಹೂಂ ಇಲ್ಲ. ನೀನೇ ಕೇಳು.”

ಕೇಳಿದಳು. ಅಮ್ಮ ಹಾಸಿಗೆ ಹಿಡಿದಿದ್ದಾಗ ಅಪ್ಪ ಪಕ್ಕದಲ್ಲಿ ಕೂತು ಹೇಳಿದ ಕಥೆಗಳವು; ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಮಾತು ಮಾತಿಗೂ ಅಮ್ಮನ ಸಣ್ಣ ಹೂಂ ಇರುತ್ತಿತ್ತು. ಈಗ ಅಪ್ಪನ ಮಾತು, ಬಸ್ಸು ತಪ್ಪೀತೆಂದು ಓಡುವವರ ಹಾಗೆ, ಎಲ್ಲೂ ನಿಲ್ಲದೆ ಓಡುತ್ತಿತ್ತು.

ಫೋನ್ ತುಂಬಿದೆಯೆಂದು ಅದನ್ನು ರೆಕಾರ್ಡಿಂಗ್ ಸ್ಟುಡಿಯೋದ ತನ್ನ ಗೆಳೆಯ ‘ಮಂತ್ರವಾದಿ’ಗೆ ಕೊಟ್ಟವಳು ಅವಳೇ. ಆ ಹೆಸರಿಟ್ಟವಳೂ ಅವಳೇ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಕುಟ್ಟಿ ಎಂಟರ್ ಒತ್ತಿದರೆ ರಾಶಿ ಫೈಲು ತಾವಾಗಿ ಚಿಕ್ಕವಾಗುವುದನ್ನು ನೋಡಿ ನಕ್ಕಿದ್ದಳು. ಅವನು ಪರದೆ ಬಿಟ್ಟು ಆ ನಗುವನ್ನೇ ನೋಡಿದ್ದ.

“ಮಾವನ ಕೆಲಸ. ಚೊಕ್ಕವಾಗಿರಬೇಕು,” ಎಂದಿದ್ದ.

“ಬೆರಳು ಕೊಟ್ಟರೆ ಹಸ್ತ ನುಂಗೋ ಆಸಾಮಿ ನೀನು. ಇನ್ನೂ ಮಾವ ಆಗಿಲ್ಲ.”

“ಆಗ್ತಾರೆ. ಭಾನುವಾರ ಬಂದು ಹೆಣ್ಣು ಕೇಳ್ತೀನಿ.”

ಈಗ ಸ್ಟುಡಿಯೋದ ಬಾಗಿಲು ದೂಡಿಕೊಂಡು ಬಂದವಳ ಮುಖ ನೋಡಿಯೇ ಅವನು ಎದ್ದು ನಿಂತ.

“ನಮ್ಮಮ್ಮನ ದನಿ ಏನು ಮಾಡಿದೆ?”

ಅವಳು ಹೇಳಿ ಮುಗಿಸುವಷ್ಟರಲ್ಲಿ ಅವನು ಬಿಳಿಚಿಕೊಂಡಿದ್ದ. ಫೈಲು ಚಿಕ್ಕದಾಗಲೆಂದು, ಮಾತಿಲ್ಲದ ಜಾಗವನ್ನೆಲ್ಲ ಕತ್ತರಿಸಲು ಯಂತ್ರಕ್ಕೆ ಹೇಳಿದ್ದ. ತೀರಾ ಮೆಲ್ಲಗಿನ ಸದ್ದೂ ಅದಕ್ಕೆ ಖಾಲಿಯ ಲೆಕ್ಕವೇ; ಅಮ್ಮನ ಹೂಂ ಹೋದದ್ದು ಹಾಗೆ. ಯಂತ್ರ ಹೇಳಿದಷ್ಟು ಮಾಡುತ್ತದೆ, ಹೇಳುವವನಿಗೆ ಗೊತ್ತಿರಬೇಕು.

“ಹಳೇದು?”

“ಅದರ ಮೇಲೇ ಬರೆಸಿಬಿಟ್ಟೆ. ಫೋನಿನಲ್ಲಿದ್ದದ್ದನ್ನೂ ಅಳಿಸಿ, ಚಿಕ್ಕದಾದವನ್ನು ಹಾಕಿದೆ.”

“ನಾನು ಬಟ್ಟೆ ಹೊಲಿಯೋಳು ಕಣೋ. ಮೈ ನೋಡದೆ ಕತ್ತರಿ ಹಾಕಲ್ಲ.”

ಅವನು ಪರದೆಯ ಕಡೆ ತಿರುಗಿ, ಅವತ್ತು ಯಂತ್ರ ಬರೆದಿಟ್ಟ ಸಾಲುಗಳನ್ನು ಹುಡುಕುತ್ತ ಹೋದ. ಭಾನುವಾರದ ಗುಂಗಿನಲ್ಲಿ ಓದದೇ ಬಿಟ್ಟ ಎರಡು ಸಾಲು ಅಲ್ಲಿದ್ದವು. ‘ನಿದ್ದೆ’ ಎಂಬ ಫೈಲ್ ಇಲ್ಲ. ‘ಬಂತಾ’ ಎಂಬ ಫೈಲ್ ಇಲ್ಲ.

ಮಿಕ್ಕ ಕಥೆಗಳಿಗೆ ಅಪ್ಪ ನರಿ, ಮೊಸಳೆ ಎಂದು ಒಂದೊಂದೇ ಪದದ ಹೆಸರಿಟ್ಟಿದ್ದ. ಇದೊಂದಕ್ಕೆ ಎರಡು ಪದ, ನಡುವೆ ಖಾಲಿ ಜಾಗ. ಅಲ್ಲಿ ಎಡವಿದ ಯಂತ್ರ, ಒಂದು ಫೈಲನ್ನು ಎರಡೆಂದು ತಿಳಿದು, ಮುಟ್ಟದೆ ಮುಂದೆ ಹೋಗಿತ್ತು.

ಅವನು ಅದನ್ನು ತೆರೆದ.

“ನಿದ್ದೆ ಬಂತಾ?” ಅಪ್ಪನ ದನಿ. ಫ್ಯಾನಿನ ಸದ್ದು. ತುಂಬ ಹೊತ್ತಾದ ಮೇಲೆ, ಅಮ್ಮ: “ಊಹೂಂ. ನೀವು ಹೇಳಿ.”

ಅವಳು ಮೇಜಿನ ಅಂಚು ಹಿಡಿದು ಕುಳಿತಳು.

“ಇದೊಂದೇ ಉಳಿದಿರೋದು,” ಎಂದ. “ಭಾನುವಾರ ಬರ್ತೀನಿ. ಹೆಣ್ಣು ಕೇಳೋಕಲ್ಲ. ನಾನು ಮಾಡಿದ್ದನ್ನ ನಾನೇ ಹೇಳೋಕೆ.”

“ಅಪ್ಪ ಬಯ್ತಾರೆ.”

“ಬಯ್ಯಲಿ.”

“ನಾನೂ ಬಯ್ತೀನಿ. ಇವತ್ತಿಗೆ ಮುಗಿಯಲ್ಲ ಇದು. ಬದುಕಿರೋ ತನಕ ಬಯ್ತೀನಿ.”

“ಹೂಂ,” ಎಂದ, ಕೇಳಿಸಿಯೂ ಕೇಳಿಸದಷ್ಟು ಸಣ್ಣ ದನಿಯಲ್ಲಿ.

ಅವಳು ತಲೆಯೆತ್ತಿದಳು. ಕಣ್ಣು ತುಂಬಿತ್ತು, ಕೋಪ ಇಳಿದಿರಲಿಲ್ಲ.

“ಅಷ್ಟು ಮೆಲ್ಲಗಲ್ಲ,” ಎಂದಳು. “ನನಗೆ ಕೇಳೋ ಹಾಗೆ ಹೇಳು.”